ಕುಸ್ವಾರಿನ ಬಟ್ಟಲು

ಕ್ರಿಸ್ಮಸ್ಸಿಗೆ ನಾನು ಕೇಳುವ ರಜೆ ಹಬ್ಬಕ್ಕಿಂತ ಮೊದಲಿನದು. ಬೆಂಗಳೂರಿನ ನಮ್ಮ ಕಚೇರಿಗೆ ಹೊಸದಾಗಿ ಬಂದವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಎಲ್ಲರೂ 24ರಿಂದ ಹೊಸ ವರ್ಷದವರೆಗೆ ರಜೆ ಹಾಕಿ ಊರಿಗೋ ಗೋವೆಗೋ ಹೊರಡುತ್ತಾರೆ. ನಾನು ಹಬ್ಬ ಮುಗಿದ ಕೂಡಲೇ ಕೆಲಸಕ್ಕೆ ಬರುತ್ತೇನೆ, ಆದರೆ ಡಿಸೆಂಬರ್ ನಡುವಿನ ದಿನಗಳು ನನಗೆ ಬೇಕೇ ಬೇಕು ಎನ್ನುತ್ತೇನೆ. ಕಾರಣ ದೊಡ್ಡದೇನಲ್ಲ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕುಸ್ವಾರ್ ಮಾಡುತ್ತಾರೆ.

ನಮ್ಮ ಮನೆ ಇರುವುದು ಮೂಡುಬಿದಿರೆಗೂ ಕಿನ್ನಿಗೋಳಿಗೂ ನಡುವೆ, ಬಸ್ಸಿಳಿದು ಗದ್ದೆಯ ಹುಣಿಯ ಮೇಲೆ ಸ್ವಲ್ಪ ದೂರ ನಡೆದರೆ ಸಿಗುವ ಒಂದು ಹಂಚಿನ ಮನೆ. ಮನೆಯೊಳಗೆ ಕೊಂಕಣಿ, ಅಂಗಳ ದಾಟಿದರೆ ತುಳು, ಶಾಲೆಯಲ್ಲಿ ಕನ್ನಡ. ಹೀಗೆ ಮೂರು ಭಾಷೆಗಳಲ್ಲಿ ಬೆಳೆದವರು ನಾವು. ಡಿಸೆಂಬರ್ ಬಂತೆಂದರೆ ಬೆಳಗಿನ ಹೊತ್ತು ಗದ್ದೆಯ ಮೇಲೆ ಮಂಜು ಕೂತಿರುತ್ತದೆ, ಗೇರುಮರಗಳು ಹೂ ಬಿಡಲು ಶುರು ಮಾಡುತ್ತವೆ, ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ, ಕಂಬಳದ ಕೋಣಗಳ ಸುದ್ದಿ ಪ್ರತಿ ಅಂಗಡಿಯಲ್ಲೂ ಇರುತ್ತದೆ. ರಾತ್ರಿ ಬಸ್ಸು ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಮುಟ್ಟುವಾಗ ಕಿಟಕಿಯಿಂದ ಬರುವ ಗಾಳಿ ಬದಲಾಗುತ್ತದೆ. ಆಮೇಲೆ ನನಗೆ ನಿದ್ದೆ ಬಂದದ್ದೇ ಇಲ್ಲ.

ಕುಸ್ವಾರ್ ಎಂದರೆ ಮಂಗಳೂರು ಕಡೆಯ ಕ್ರೈಸ್ತರು ಕ್ರಿಸ್ಮಸ್ಸಿಗೆಂದೇ ಮಾಡುವ ತಿಂಡಿಗಳೆಲ್ಲದರ ಒಟ್ಟು ಹೆಸರು. ಎಳ್ಳು, ಕಾಯಿ, ಸಕ್ಕರೆ, ಗೋಡಂಬಿ ತುಂಬಿದ ನೆವ್ರಿ. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಹಿಂಬದಿಗೋ ಹೊಸ ಬಾಚಣಿಗೆಯ ಹಲ್ಲಿಗೋ ಒತ್ತಿ ಸುರುಳಿ ಮಾಡಿ ಕರಿದು ಸಕ್ಕರೆ ಪಾಕಕ್ಕೆ ಹಾಕುವ ಕಿಡಿಯೊ. ಅಕ್ಕಿಹಿಟ್ಟು, ತೆಂಗಿನಹಾಲಿನ ಗುಳಿಯೊ. ಎಳ್ಳಿನ ಲಾಡು, ತುಕ್ಡಿ, ಚಕ್ಕುಲಿ. ಇವೆಲ್ಲದರ ಮೇಲೆ ಬಟ್ಟಲಿಗೆ ಚೆಂದ ಕೊಡುವ ರೋಸ್ ಕುಕ್ಕೀಸ್. ಕೇಕ್ ನಂತರ ಬಂದದ್ದು. ನನ್ನ ಬಾಲ್ಯದಲ್ಲಿ ಊರಿನ ಎಲ್ಲ ಮನೆಗಳಲ್ಲಿ ಓವನ್ ಇರಲಿಲ್ಲ. ಕೆಂಡದ ಮೇಲೆ ಪಾತ್ರೆ, ಪಾತ್ರೆಯ ಮುಚ್ಚಳದ ಮೇಲೂ ಕೆಂಡ, ಹೀಗೆ ಅಜ್ಜಿ ಕೇಕ್ ಬೇಯಿಸುತ್ತಿದ್ದಳು.

ಇಷ್ಟು ತಿಂಡಿಯನ್ನು ಒಬ್ಬಳೇ ಕೂತು ಮಾಡಲು ಸಾಧ್ಯವಿಲ್ಲ, ಮಾಡಲೂಬಾರದು ಎಂಬುದು ಅಜ್ಜಿಯ ಅಭಿಪ್ರಾಯವಾಗಿತ್ತು. ಇವತ್ತು ನಮ್ಮ ಮನೆ, ನಾಳೆ ದೊಡ್ಡಪ್ಪನ ಮನೆ, ನಾಡಿದ್ದು ತೋಟದಾಚೆಯ ಆಂಟಿಯ ಮನೆ ಎಂದು ದಿನ ಗೊತ್ತು ಮಾಡಿಕೊಳ್ಳುತ್ತಿದ್ದರು. ಹೆಂಗಸರೆಲ್ಲ ಚಾಪೆ ಹಾಸಿ ಕೂತರೆ ಹಿಟ್ಟು ಮುಗಿಯುವವರೆಗೆ ಏಳುವ ಮಾತಿಲ್ಲ. ಕಾಯಿ ಒಡೆದು ತುರಿಯುವುದು ಗಂಡಸರ ಪಾಲು. ಅಪ್ಪ ತುರಿಮಣೆಯ ಮೇಲೆ ಕೂತು ಒಂದೊಂದೇ ಗಡಿ ತುರಿಯುತ್ತ, ಅವರಿಗೆ ಬರುತ್ತಿದ್ದ ಒಂದೇ ಕೀರ್ತನೆಯನ್ನು ಮತ್ತೆ ಮತ್ತೆ ಹಾಡುತ್ತಿದ್ದರು. ಮಕ್ಕಳಾದ ನಮಗೆ ಕಿಡಿಯೊ ಸುತ್ತುವ ಕೆಲಸ. ಊರಿನಲ್ಲಿ ಯಾರ ಮದುವೆ ಗೊತ್ತಾಯಿತು, ಯಾರ ಮಗ ಮಸ್ಕತ್ತಿನಿಂದ ಬರುತ್ತಾನೆ, ಯಾರ ಮನೆಯ ದನ ಕರು ಹಾಕಿತು, ಎಲ್ಲ ಸುದ್ದಿಯೂ ನಮ್ಮ ಕಿವಿಗೆ ಬಿದ್ದದ್ದು ಆ ಚಾಪೆಯ ಮೇಲೆ.

ರೋಸ್ ಕುಕ್ಕೀಸಿನ ಅಚ್ಚಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಉದ್ದ ಹಿಡಿಯ ತುದಿಯಲ್ಲಿ ಹೂವಿನ ಆಕಾರದ ಕಬ್ಬಿಣ. ನಮ್ಮ ಮನೆಯದ್ದು ಅಜ್ಜಿಯ ಕಾಲದ್ದು, ಹಿಡಿಯ ಮರ ಎರಡು ಸಲ ಬದಲಾಗಿದೆ, ಹೂ ಅದೇ ಇದೆ. ಅಚ್ಚನ್ನು ಮೊದಲು ಕಾದ ಎಣ್ಣೆಯೊಳಗೆ ಇಡಬೇಕು. ಅದು ಚೆನ್ನಾಗಿ ಕಾದ ಮೇಲೆ ಎತ್ತಿ, ಎಣ್ಣೆ ಬಸಿದು, ಹಿಟ್ಟಿಗೆ ಅದ್ದಬೇಕು. ಪೂರ್ತಿ ಅದ್ದುವಂತಿಲ್ಲ. ಹಿಟ್ಟು ಅಚ್ಚಿನ ಮೇಲಂಚನ್ನು ದಾಟಿದರೆ ಹೂ ಕಬ್ಬಿಣವನ್ನು ಅಪ್ಪಿಕೊಂಡು ಬಿಡುವುದೇ ಇಲ್ಲ. ಅಚ್ಚು ಕಾಯದಿದ್ದರೆ ಹಿಟ್ಟು ಅಂಟುವುದಿಲ್ಲ, ಮಿತಿ ಮೀರಿ ಕಾದರೆ ಅದ್ದಿದ ಕೂಡಲೇ ಚುರ್ ಎಂದು ಜಾರಿ ಹೋಗುತ್ತದೆ. ಸರಿಯಾಗಿ ಅದ್ದಿದ್ದನ್ನು ಮತ್ತೆ ಎಣ್ಣೆಯಲ್ಲಿ ಹಿಡಿದು ಮೆಲ್ಲಗೆ ಕೊಡವಿದರೆ ಹೂ ಕಳಚಿಕೊಂಡು ತೇಲುತ್ತದೆ. ಯಾವಾಗ ಕೊಡವಬೇಕು ಎಂಬುದನ್ನು ಅಜ್ಜಿ ಕಣ್ಣಿನಿಂದಲ್ಲ, ಕಿವಿಯಿಂದ ತಿಳಿಯುತ್ತಿದ್ದಳು. ಎಣ್ಣೆಯ ಸದ್ದು ತಗ್ಗುವುದನ್ನು ಕಾಯುತ್ತಿದ್ದಳು. ಈಗ ಅಮ್ಮನೂ ಹಾಗೆಯೇ ಮಾಡುತ್ತಾಳೆ. ಆ ಹೊತ್ತಿನಲ್ಲಿ ಯಾರೂ ಮಾತಾಡುವಂತಿಲ್ಲ.

ಅಜ್ಜಿಯ ಒಂದು ನೋಟುಪುಸ್ತಕ ನಮ್ಮಲ್ಲಿದೆ. ಮಂಗಳೂರಿನ ಕ್ರೈಸ್ತರು ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ. 1938ರಲ್ಲಿ ಶುರುವಾದ ‘ರಾಕ್ಣೊ’ ವಾರಪತ್ರಿಕೆಯನ್ನು ಓದುತ್ತಲೇ ನಮ್ಮ ಹಿರಿಯರಲ್ಲಿ ಅನೇಕರು ಅಕ್ಷರವನ್ನು ಗಟ್ಟಿ ಮಾಡಿಕೊಂಡವರು. ಅಜ್ಜಿಯೂ ಅಂಥವಳೇ. ಅವಳ ಪುಸ್ತಕದಲ್ಲಿ ಅಳತೆಗಳೆಲ್ಲ ಸೇರು, ಪಾವು, ಮುಷ್ಟಿಯ ಲೆಕ್ಕದಲ್ಲಿವೆ. ಒಂದು ಪುಟದ ಕೊನೆಯಲ್ಲಿ ಮಾತ್ರ ತಿಂಡಿಗೆ ಸಂಬಂಧವಿಲ್ಲದ ಒಂದು ಪಟ್ಟಿ ಇದೆ: ಯಾವ ಯಾವ ಮನೆಗೆ ಬಟ್ಟಲು ಹೋಗಬೇಕು ಎಂಬುದು.

ಆ ಪಟ್ಟಿಯೇ ನನ್ನ ಬಾಲ್ಯದ ಊರು. 23ರಂದೋ 24ರ ಬೆಳಿಗ್ಗೆಯೋ ಊಟದ ಮೇಜಿನ ಮೇಲೆ ಬಟ್ಟಲುಗಳು ಸಾಲಾಗಿ ಕೂರುತ್ತಿದ್ದವು. ಎಲ್ಲ ಬಟ್ಟಲೂ ಒಂದೇ ರೀತಿ ತುಂಬುವುದಿಲ್ಲ. ಭಟ್ಟರ ಮನೆಗೆ ಮೊಟ್ಟೆ ಸೇರಿದ್ದು ಏನೂ ಹೋಗಬಾರದು. ಅವರಿಗೆ ನೆವ್ರಿ, ಚಕ್ಕುಲಿ, ಎಳ್ಳಿನ ಲಾಡು. ಅದಕ್ಕೆಂದೇ ಮೊದಲ ದಿನ, ಬೇರೇನೂ ಕರಿಯುವ ಮುಂಚೆ, ಹೊಸ ಎಣ್ಣೆಯಲ್ಲಿ ಅವನ್ನು ಕರಿದು ಪ್ರತ್ಯೇಕ ಡಬ್ಬಿಯಲ್ಲಿ ಇಡುತ್ತಿದ್ದರು. ಬ್ಯಾರಿಗಳ ಮನೆಗೆ ಹೋಗುವ ಕೇಕಿಗೆ ರಮ್ಮಿನಲ್ಲಿ ನೆನೆಸಿದ ಹಣ್ಣು ಹಾಕುವಂತಿಲ್ಲ. ಅವರ ಕೇಕಿನ ಹಣ್ಣು ಕಿತ್ತಳೆ ರಸದಲ್ಲಿ ನೆನೆಯುತ್ತಿತ್ತು. ಸಕ್ಕರೆ ಕಾಯಿಲೆ ಇದ್ದ ಮೇಷ್ಟ್ರ ಬಟ್ಟಲಿನಲ್ಲಿ ಚಕ್ಕುಲಿಯೇ ಹೆಚ್ಚು. ಇದನ್ನೆಲ್ಲ ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಮ್ಮನೂ ಯಾರೆದುರೂ ಹೇಳಿಕೊಂಡವಳಲ್ಲ. ನೆರೆಮನೆಯವರು ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ತಿಳಿದಿರುವುದು ಅವಳ ಪ್ರಕಾರ ಗೃಹಿಣಿಯಾದವಳ ಮೊದಲ ಕರ್ತವ್ಯ. ಧರ್ಮಗಳ ನಡುವಿನ ಸಾಮರಸ್ಯದ ಬಗ್ಗೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಹೊಸ ಎಣ್ಣೆಯಲ್ಲಿ ಮೊದಲು ಭಟ್ಟರ ಮನೆಯ ಚಕ್ಕುಲಿ ಕರಿಯುತ್ತಿದ್ದ ಅಮ್ಮನಿಗಿಂತ ಹೆಚ್ಚಿನದನ್ನು ಯಾವ ಭಾಷಣದಿಂದಲೂ ಕಲಿತಿಲ್ಲ.

ಬಟ್ಟಲನ್ನು ಕ್ರೋಶಾ ಹೆಣೆದ ಬಟ್ಟೆಯಿಂದ ಮುಚ್ಚಿ ಮಕ್ಕಳ ಕೈಗೆ ಕೊಡುತ್ತಿದ್ದರು. ದೊಡ್ಡವರು ಕೊಂಡೊಯ್ಯುವ ಪದ್ಧತಿ ಇರಲಿಲ್ಲ. ಮಕ್ಕಳು ಹೋದರೆ ಒಳಗೆ ಕರೆಯುತ್ತಾರೆ, ಕೂರಿಸುತ್ತಾರೆ, ಬಟ್ಟಲು ತೊಳೆದು ಕೊಡುವವರೆಗೆ ಮನೆಯ ಮಕ್ಕಳ ಜೊತೆ ಆಟಕ್ಕೂ ಸಮಯ ಸಿಗುತ್ತದೆ. ಬಟ್ಟಲನ್ನು ಯಾರೂ ಬರಿದಾಗಿ ಕಳುಹಿಸುವುದಿಲ್ಲ. ಒಂದು ಚಿಪ್ಪು ಬಾಳೆಹಣ್ಣು, ಇಲ್ಲವೇ ಒಂದು ಮುಷ್ಟಿ ಸಕ್ಕರೆಯಾದರೂ ಅದರಲ್ಲಿ ಮರಳಿ ಬರುತ್ತಿತ್ತು. ಚೌತಿಗೆ ಭಟ್ಟರ ಮನೆಯಿಂದ ಪಂಚಕಜ್ಜಾಯ, ಅಷ್ಟಮಿಗೆ ಗದ್ದೆಯಾಚೆಯ ಪೂಜಾರಿಗಳ ಮನೆಯಿಂದ ಮೂಡೆ, ಪೆರ್ನಾಲಿಗೆ (ಈದ್ ಹಬ್ಬಕ್ಕೆ) ಬ್ಯಾರಿಗಳ ಮನೆಯಿಂದ ಬಿರಿಯಾನಿಯ ಪಾತ್ರೆ. ವರ್ಷವಿಡೀ ಬಟ್ಟಲುಗಳು ಅತ್ತಿತ್ತ ಓಡಾಡುತ್ತಿದ್ದವು.

ನನ್ನ ಜೀವಮಾನದ ಇಬ್ಬರು ಗೆಳೆಯರು ಸಿಕ್ಕಿದ್ದು ಹೀಗೆಯೇ. ಒಬ್ಬ ಪೂಜಾರಿಗಳ ಮನೆಯವನು, ಇನ್ನೊಬ್ಬ ಬ್ಯಾರಿಗಳ ಮನೆಯವನು. ಶಾಲೆಯ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು ನಿಜ, ಆದರೆ ಬೆಂಚಿನ ಗೆಳೆತನ ಶಾಲೆ ಬಿಟ್ಟಾಗ ಮುಗಿಯುವ ಸಂಭವ ಹೆಚ್ಚು. ಅಡುಗೆಮನೆಯವರೆಗೆ ಹೋಗಿ ಬಂದ ಗೆಳೆತನ ಹಾಗಲ್ಲ.

ಪೂಜಾರಿ ಗೆಳೆಯನ ಕೈಕೆಲಸ ಊರಿಗೇ ಗೊತ್ತು. ದೀಪಾವಳಿಗೆ ಅವನು ಮಾಡುವ ಗೂಡುದೀಪ ಪೇಟೆಯ ಸ್ಪರ್ಧೆಗಳಲ್ಲಿ ಬಹುಮಾನ ಗೆಲ್ಲುತ್ತಿತ್ತು. ಅದೇ ಕೈ ಡಿಸೆಂಬರಿನಲ್ಲಿ ನಮ್ಮ ಮನೆಯ ನಕ್ಷತ್ರ ಕಟ್ಟುತ್ತಿತ್ತು. ಬಿದಿರನ್ನು ಸೀಳಿ ನಯ ಮಾಡಿದ ಹತ್ತು ಉದ್ದ ಕಡ್ಡಿ. ಐದೈದು ಕಡ್ಡಿಯಿಂದ ಒಂದೊಂದು ನಕ್ಷತ್ರ, ಎರಡನ್ನೂ ತುದಿಗಳಲ್ಲಿ ಸೇರಿಸಿ ಕಟ್ಟಿ, ಒಳಮೂಲೆಗಳಲ್ಲಿ ಐದು ಗಿಡ್ಡ ಕಡ್ಡಿ ಸಿಕ್ಕಿಸಿದರೆ ಹೊಟ್ಟೆ ಉಬ್ಬಿ ಒಳಗೆ ಬಲ್ಬಿಗೆ ಜಾಗವಾಗುತ್ತದೆ. ಬಣ್ಣದ ಕಾಗದ ಅಂಟಿಸಲು ಮೈದಾ ಗೋಂದನ್ನು ಅಮ್ಮ ಕುದಿಸಿ ಕೊಡುತ್ತಿದ್ದಳು, ಇಲಿ ಕಡಿಯದಂತೆ ಅದಕ್ಕೆ ಚೂರು ಮೈಲುತುತ್ತ. ಅಂಗಳದ ಹಲಸಿನ ಮರಕ್ಕೆ ಹತ್ತಿ ನಕ್ಷತ್ರ ಕಟ್ಟುವುದೂ ಅವನೇ. ಈಗ ಅವನು ಪೇಟೆಯಲ್ಲಿ ಎಲೆಕ್ಟ್ರಿಷಿಯನ್. ಅಂಗಡಿಯಲ್ಲಿ ಮಡಚಿ ಇಡುವ ಪ್ಲಾಸ್ಟಿಕ್ ನಕ್ಷತ್ರಗಳು ಬೇಕಾದಷ್ಟು ಬಂದಿವೆ, ಆದರೂ ಡಿಸೆಂಬರಿನ ಒಂದು ಭಾನುವಾರ ಬಿದಿರು ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾನೆ. ಈಗ ಅವನ ಮಗಳು ಕಾಗದ ಕತ್ತರಿಸಿ ಕೊಡುತ್ತಾಳೆ.

ಅವನ ಅಪ್ಪ ಮೂರ್ತೆ, ಅಂದರೆ ಕಳ್ಳು ಇಳಿಸುವ ಕೆಲಸ, ಮಾಡುತ್ತಿದ್ದವರು. ನಮ್ಮ ಹಬ್ಬದ ಊಟಕ್ಕೆ ಅವರಿಲ್ಲದೆ ಆಗುತ್ತಿರಲಿಲ್ಲ. ಕ್ರಿಸ್ಮಸ್ ದಿನ ಹಂದಿ ಬಾಫಾತಿನ ಜೊತೆ ಸಾನ್ನಾಂ ಆಗಲೇಬೇಕು. ಸಾನ್ನಾಂ ಉಬ್ಬಬೇಕಾದರೆ ಹಿಟ್ಟಿಗೆ ತಾಜಾ ಕಳ್ಳು ಬೇಕು. 24ರ ಬೆಳಗ್ಗೆ ಮರದಿಂದ ಇಳಿದವರು ನೇರ ನಮ್ಮ ಹಿತ್ತಲಿಗೆ ಬಂದು, “ಪೊರ್ಬುಲೆ, ನಿಮ್ಮ ಪಾಲು” ಎಂದು ಅಪ್ಪನಿಗೆ ಕೊಡುತ್ತಿದ್ದರು. ದುಡ್ಡು ಕೊಟ್ಟರೆ ಆ ಒಂದು ದಿನ ಮಾತ್ರ ತೆಗೆದುಕೊಳ್ಳುತ್ತಿರಲಿಲ್ಲ. ಮೊಣಕಾಲು ಸೋತು ಅವರು ಮರ ಹತ್ತುವುದನ್ನು ನಿಲ್ಲಿಸಿದ ಮೇಲೆ ಊರಿನಲ್ಲಿ ಆ ಕೆಲಸಕ್ಕೆ ಬೇರೆ ಯಾರೂ ಬರಲಿಲ್ಲ. ಈಗ ಅಮ್ಮ ಯೀಸ್ಟ್ ಹಾಕುತ್ತಾಳೆ. ಸಾನ್ನಾಂ ಉಬ್ಬುತ್ತದೆ, ಮೆತ್ತಗೂ ಇರುತ್ತದೆ. ಆದರೆ ಕಳ್ಳಿನ ಆ ಸಣ್ಣ ಹುಳಿ, ಬಟ್ಟಲು ತೆರೆದಾಗ ಬರುತ್ತಿದ್ದ ಪರಿಮಳ ಹೋಯಿತು. ನನ್ನ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ.

ಗೋದಲಿಯ ಕೆಲಸ ನನ್ನದು ಮತ್ತು ತಂಗಿಯದು. ಡಿಸೆಂಬರ್ ಮೊದಲಲ್ಲೇ ತಟ್ಟೆಯಲ್ಲಿ ಮಣ್ಣು ಹಾಕಿ ಭತ್ತ, ರಾಗಿ ಬಿತ್ತಿದರೆ ಹಬ್ಬದ ಹೊತ್ತಿಗೆ ಹಸಿರು ಹುಲ್ಲು ಸಿದ್ಧ. ಹಳೆಯ ಗೋಣಿಯನ್ನು ಮಣ್ಣಿನ ರಾಡಿಯಲ್ಲಿ ಅದ್ದಿ ನಿಲ್ಲಿಸಿದರೆ ಬೆತ್ಲೆಹೇಮಿನ ಗುಡ್ಡ. ಆದರೆ ಕುರಿ, ಕುರುಬರು, ಜೋಸೆಫ್, ಮರಿಯಾ ಎಲ್ಲರೂ ಬಂದರೂ ಮಧ್ಯದ ಹುಲ್ಲಿನ ತೊಟ್ಟಿಲು ಖಾಲಿ. ಬಾಲಯೇಸುವನ್ನು ಅದರಲ್ಲಿ ಇಡುವುದು ರಾತ್ರಿಯ ಪೂಜೆ ಮುಗಿಸಿ ಮನೆಗೆ ಬಂದ ಮೇಲೆಯೇ.

ಆ ಪೂಜೆಗೆ ಹೋಗುತ್ತಿದ್ದದ್ದು ಗದ್ದೆಯ ದಾರಿಯಲ್ಲಿ, ಒಣ ಮಡಲಿನ ಸೂಟೆ ಹಿಡಿದು. ಅಜ್ಜಿ ತನ್ನ ಎಳವೆಯಲ್ಲಿ ಇಡೀ ಪೂಜೆಯನ್ನು ಲ್ಯಾಟಿನ್ನಿನಲ್ಲಿ ಕೇಳಿದವಳು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಜನರ ಭಾಷೆಗೆ ಬಂತು. ತನ್ನ ಮನೆಮಾತಿನಲ್ಲಿ ದೇವರು ಮಾತಾಡಿದ್ದನ್ನು ಮೊದಲ ಸಲ ಕೇಳಿದಾಗ ಪಕ್ಕದಲ್ಲಿದ್ದ ಹೆಂಗಸರೆಲ್ಲ ಅತ್ತರು ಎಂದು ಅವಳು ಹೇಳುತ್ತಿದ್ದಳು. ಆಗಮನ ಕಾಲದ ಭಾನುವಾರಗಳಲ್ಲೆಲ್ಲ ಹಾಡದೆ ಉಳಿಸಿಕೊಂಡಿದ್ದ ಗ್ಲೋರಿಯಾವನ್ನು ಆ ರಾತ್ರಿ ಎತ್ತಿಕೊಳ್ಳುವಾಗ ಗಂಟೆಗಳೆಲ್ಲ ಒಮ್ಮೆಲೇ ಮೊಳಗುತ್ತವೆ. ಮೈ ಜುಮ್ಮೆನ್ನುತ್ತದೆ, ಈಗಲೂ. ಇತ್ತೀಚೆಗೆ ಅನೇಕ ಚರ್ಚುಗಳಲ್ಲಿ ಪೂಜೆಯನ್ನು ಸಂಜೆ ಏಳು, ಏಳೂವರೆಗೇ ಇಡುತ್ತಾರೆ. ವಯಸ್ಸಾದವರಿಗೆ, ದೂರದವರಿಗೆ ಅದೇ ಅನುಕೂಲ. ಅಮ್ಮನನ್ನು ಕೈಹಿಡಿದು ಕರೆದೊಯ್ಯುವ ನನಗೂ ಅದು ಒಳ್ಳೆಯದೇ ಎನಿಸುತ್ತದೆ.

25ರ ಸಂಜೆ ಗೆಳೆಯರ ಪಾಲಿನದು. ಬ್ಯಾರಿ ಗೆಳೆಯ ಸೌದಿಯ ಜುಬೈಲಿನಲ್ಲಿದ್ದಾನೆ. ರಜೆ ಅವನು ಕೇಳಿದಾಗ ಸಿಗುವುದಿಲ್ಲ, ಕಂಪನಿ ಕೊಟ್ಟಾಗ ಬರಬೇಕು. ಡಿಸೆಂಬರಿನಲ್ಲಿ ಬಂದ ವರ್ಷ ಮೂವರೂ ಶಾಲೆಯ ಮೈದಾನದ ಕಟ್ಟೆಯಲ್ಲಿ ಕೂರುತ್ತೇವೆ. ಮೊದಲು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಗೋಳಿಬಜೆ, ಚಾ. ಮಾತು ತುಳುವಿನಲ್ಲಿ. ಮಕ್ಕಳ ಫೀಸು, ಅಡಿಕೆಯ ರೇಟು, ಬೆನ್ನುನೋವು, ಯಾರು ತೀರಿಕೊಂಡರು ಎಂಬುದು. ದೇಶದ ರಾಜಕೀಯವೂ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ನಮ್ಮಂಥ ಮೂವರು ಒಟ್ಟಿಗೆ ಕೂರುವುದನ್ನು ಅನುಮಾನದಿಂದ ನೋಡುವ ದಿನಗಳೂ ಬಂದುಹೋಗಿವೆ, ಆ ಬಗ್ಗೆ ನಮ್ಮೊಳಗೇ ಒಮ್ಮತವಿಲ್ಲದ ಸಂಗತಿಗಳೂ ಇವೆ. ಧ್ವನಿ ಏರಿದ್ದುಂಟು. ಆದರೆ ಎದ್ದು ಹೋದವರು ಯಾರೂ ಇಲ್ಲ. ಹೊತ್ತು ಮುಳುಗಿದ ಮೇಲೆ ಅಮ್ಮ ಕಟ್ಟಿಕೊಟ್ಟ ಡಬ್ಬಿ ತೆರೆಯುತ್ತೇವೆ. ಜುಬೈಲಿನವನಿಗೆ ಗುಳಿಯೊ ಇಷ್ಟ, ಅವನ ಪಾಲಿನದನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿರುತ್ತಾಳೆ. ಅದರಲ್ಲಿ ಅರ್ಧ ಸಮುದ್ರ ದಾಟಿ ಅವನ ಕ್ಯಾಂಪಿನ ಕೋಣೆಗೆ ಹೋಗುತ್ತದೆ.

ಅಪ್ಪ ತೀರಿಕೊಂಡದ್ದು ಒಂದು ಮಳೆಗಾಲದ ಕೊನೆಗೆ. ಸಾವಾದ ಮನೆಯಲ್ಲಿ ಆ ವರ್ಷ ಕುಸ್ವಾರ್ ಮಾಡುವುದಿಲ್ಲ. ನಕ್ಷತ್ರವೂ ಬೇಡವೆಂದಳು ಅಮ್ಮ. ಡಿಸೆಂಬರಿನಲ್ಲಿ ಊರಿಗೆ ಹೋದರೆ ತುರಿಮಣೆ ಗೋಡೆಗೆ ಒರಗಿತ್ತು, ಎಣ್ಣೆಯ ಬಾಣಲೆ ಅಟ್ಟದಿಂದ ಕೆಳಗಿಳಿದಿರಲಿಲ್ಲ. ನನ್ನ ಮಗನಿಗೆ ಆಗ ಕಿಡಿಯೊ ಸುತ್ತುವ ವಯಸ್ಸು. ಏನು ಮಾಡುವುದೆಂದು ತಿಳಿಯದೆ ಅಂಗಳದಲ್ಲಿ ಸುತ್ತುತ್ತಿದ್ದ.

24ರ ಬೆಳಿಗ್ಗೆ ಪೂಜಾರಿ ಗೆಳೆಯನ ತಾಯಿ ಗದ್ದೆ ದಾಟಿ ಬಂದರು. ಕೈಯಲ್ಲಿ ಮುಚ್ಚಿದ ಬಟ್ಟಲು. ನೋಡಿದರೆ ನಮ್ಮದೇ ಬಟ್ಟಲು, ಯಾವುದೋ ವರ್ಷ ಅವರಲ್ಲೇ ಉಳಿದದ್ದು. ತುಂಬ ಚಕ್ಕುಲಿ. “ಬಾಯಮ್ಮ, ಈ ವರ್ಷ ನೀವು ಎಣ್ಣೆ ಇಡುವುದಿಲ್ಲ ಅಂತ ಗೊತ್ತು. ಮಕ್ಕಳು ಬಂದಿದ್ದಾರಲ್ಲ, ಬಾಯಿಗೆ ಏನಾದರೂ ಬೇಕಲ್ಲ” ಎಂದರು. ಅಮ್ಮ ಅವರ ಕೈ ಹಿಡಿದುಕೊಂಡು ಮೆಟ್ಟಿಲಿನ ಮೇಲೆ ಕೂತಳು. ಇಬ್ಬರೂ ತುಂಬ ಹೊತ್ತು ಅಪ್ಪನ ಬಗ್ಗೆ ಮಾತಾಡಿದರು. ಮಧ್ಯಾಹ್ನದೊಳಗೆ ಭಟ್ಟರ ಮನೆಯಿಂದ ಬಾಳೆಹಣ್ಣಿನ ಹಲ್ವ ಬಂತು. ಬ್ಯಾರಿಗಳ ಮನೆಯ ಸೊಸೆ ಮೊಟ್ಟೆ ಹಾಕಿದ ಕೇಕನ್ನು ತಾನೇ ಬೇಯಿಸಿ ಕಳುಹಿಸಿದ್ದಳು. ಯಾರೂ ಯಾರಿಗೂ ಹೇಳಿ ಮಾಡಿದ್ದಲ್ಲ. ಅಮ್ಮ ಪ್ರತಿ ಬಟ್ಟಲನ್ನೂ ತೊಳೆದು ಒಂದೊಂದು ಮುಷ್ಟಿ ಸಕ್ಕರೆ ಹಾಕಿ ನನ್ನ ಮಗನ ಕೈಯಲ್ಲಿ ವಾಪಸು ಕಳುಹಿಸಿದಳು. ಭಟ್ಟರ ಮನೆಗೆ ಹೋದವನು ಕತ್ತಲಾಗುವ ಹೊತ್ತಿಗೆ ಬಂದ. ಅಲ್ಲಿನ ಮೊಮ್ಮಗನ ಜೊತೆ ಕೆರೆಯಲ್ಲಿ ಆಮೆ ನೋಡುತ್ತಿದ್ದೆ ಎಂದ. ಈಗ ಅವರಿಬ್ಬರೂ ಬಲು ದೋಸ್ತಿ. ಬೆಂಗಳೂರಿನಲ್ಲಿದ್ದರೂ ಇಬ್ಬರೂ ಊರಿಗೆ ಹೋಗುವ ದಿನವನ್ನು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ.

ಕುಸ್ವಾರ್ ಈಗ ಮಂಗಳೂರಿನ ಬೇಕರಿಗಳಲ್ಲಿ ಪೊಟ್ಟಣ ಕಟ್ಟಿ ಸಿಗುತ್ತದೆ, ಕೊರಿಯರಿನಲ್ಲಿ ಬೆಂಗಳೂರಿಗೂ ದುಬೈಗೂ ಹೋಗುತ್ತದೆ. ಅದನ್ನು ನಾನು ಕೀಳಾಗಿ ಕಾಣುವವನಲ್ಲ. ಎಷ್ಟೋ ಮನೆಗಳಲ್ಲಿ ಈಗ ಉಳಿದಿರುವವರು ವಯಸ್ಸಾದ ಇಬ್ಬರೇ. ಬಾಣಲೆಯ ಮುಂದೆ ದಿನವಿಡೀ ನಿಲ್ಲುವ ಶಕ್ತಿ ಅವರಿಗಿಲ್ಲ. ಆ ಪೊಟ್ಟಣಗಳನ್ನು ತುಂಬುವ ಕೆಲಸದಿಂದ ಊರಿನ ಹಲವು ಹೆಂಗಸರಿಗೆ ಡಿಸೆಂಬರಿನಲ್ಲಿ ನಾಲ್ಕು ಕಾಸು ಸಿಗುವುದೂ ಒಳ್ಳೆಯದೇ. ನಮ್ಮಲ್ಲೂ ಎಲ್ಲ ತಿಂಡಿಯನ್ನು ಮಾಡುವುದು ನಿಂತಿದೆ. ಲಾಡು ತರುತ್ತೇವೆ. ಅಚ್ಚಿನ ಹೂವನ್ನು ಮಾತ್ರ ಅಮ್ಮ ಬಿಟ್ಟಿಲ್ಲ. ಕಳೆದ ವರ್ಷ ಹಿಡಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ತಾನು ಪಕ್ಕದ ಸ್ಟೂಲಿನಲ್ಲಿ ಕೂತು ಎಣ್ಣೆಯ ಸದ್ದು ಕೇಳಿ “ಈಗ” ಎನ್ನುತ್ತಿದ್ದಳು.

ತಿಂಡಿ ಮನೆಯಲ್ಲಿ ಮಾಡಿದ್ದೋ ಅಂಗಡಿಯಿಂದ ತಂದದ್ದೋ ಎಂಬುದಕ್ಕಿಂತ ಅದು ಬೇಲಿ ದಾಟುತ್ತದೆಯೋ ಇಲ್ಲವೋ ಎಂಬುದು ದೊಡ್ಡ ವಿಷಯ. ಈಗಿನ ದಿನಗಳಲ್ಲಿ ಹಬ್ಬದ ಶುಭಾಶಯವನ್ನು ಫೋನಿನಲ್ಲಿ ಕಳುಹಿಸಿ ಮುಗಿಸುವವರೇ ಹೆಚ್ಚು, ಬಟ್ಟಲು ಹೋದರೂ ಕಾರಿನಲ್ಲಿ ಹೋಗಿ ಗೇಟಿನಲ್ಲೇ ಕೊಟ್ಟು ಬರುತ್ತಾರೆ. ಈ ಡಿಸೆಂಬರಿನಲ್ಲಿ ಊರಿಗೆ ಹೋಗುವವರಲ್ಲಿ ನನ್ನದೊಂದು ಕೋರಿಕೆ. ಬಟ್ಟಲು ತುಂಬಿದ ಮೇಲೆ ಅದನ್ನು ನಿಮ್ಮ ಮಕ್ಕಳ ಕೈಗೆ ಕೊಡಿ. ನೆರೆಮನೆಗೆ ಅವರೇ ನಡೆದು ಹೋಗಲಿ. ಬೇಗ ಬಾ ಎಂದು ಹೇಳಬೇಡಿ.